ಹನ್ನೊಂದು ಖಾಲಿ ಚೌಕ

ಲಾನೆಲಿಯ ಹಳೇ ಬಂದರಿನ ಹಿಂದೆ, ಟಯರಂಗಡಿಯ ಪಕ್ಕ,
ಓಡಿದ ಕಾರು ಕೊಂಡು ಮಾರುವ ಅಂಗಳ ನನ್ನದು.
ಫೆಬ್ರವರಿಯ ಮಂಗಳವಾರ. ಉಪ್ಪುಗಾಳಿ.
ಬೆಳ್ಳಿಬಣ್ಣದ ಸ್ಕೋಡಾ ತಂದು ನಿಲ್ಲಿಸಿದಳು
ಮೆರೆರಿಡ್ ಪ್ರೋಬರ್ಟ್. ಶಾಲೆಯ ಅಡುಗೆಮನೆಯಲ್ಲಿ
ಮೂವತ್ತು ವರ್ಷ ಸೌಟು ಹಿಡಿದ ಕೈ.

ಸರ್ವಿಸ್ ಪುಸ್ತಕ ತೆರೆದೆ.
ಹನ್ನೊಂದು ಚೌಕ, ಹನ್ನೊಂದೂ ಖಾಲಿ.
ಹೆಸರಿಲ್ಲ, ಸಹಿಯಿಲ್ಲ, ನೀಲಿ ಮುದ್ರೆಯಿಲ್ಲ.
ನಾಲಗೆ ತಾನೇ ತಾನಾಗಿ ಲೊಚಗುಟ್ಟಿತು.
ಈ ಕಸುಬಿನಲ್ಲಿ ಮೊದಲು ಕಲಿಯುವುದು ಅದೇ ಸದ್ದು.
"ಆರುನೂರು ಪೌಂಡು ಕಡಿಮೆಯಾಗುತ್ತದೆ."

ಅವಳು ಚೀಲದಿಂದ ಇನ್ನೊಂದು ಪುಸ್ತಕ ತೆಗೆದಳು.
ಮಕ್ಕಳ ಲೆಕ್ಕದ ಪುಸ್ತಕ, ರಟ್ಟಿನ ಮೇಲೆ ಮಾಸಿದ ಜಿರಾಫೆ.

"ಏಪ್ರಿಲ್ ಆರು. ಎಣ್ಣೆ ನಾಲ್ಕೂವರೆ ಲೀಟರು, ಫಿಲ್ಟರು,
ತಳದ ಬಿರಡೆಗೆ ಹೊಸ ತಾಮ್ರದ ವಾಷರು.
ಹಿಂದಿನ ಎಡಚಕ್ರ: ಬೋಲ್ಟಿಗೆ ತುಕ್ಕು, ಜಗ್ಗಲಿಲ್ಲ.
ರಾತ್ರಿಯಿಡೀ ಎಣ್ಣೆ ಕುಡಿಸಿ ಬೆಳಿಗ್ಗೆ ಬೈದೆ. ಬಂತು.
ಟಾರ್ಚು ಹಿಡಿದವನು ಪಕ್ಕದ ಮನೆಯ ಇಡ್ರಿಸ್,
ಹಿಡಿದದ್ದು ಹೆಚ್ಚಾಗಿ ಆಕಾಶಕ್ಕೆ."

ಪುಟಪುಟದ ಮೂಲೆಗೂ ಕಪ್ಪು ಹೆಬ್ಬೆಟ್ಟು,
ಕೈ ತೊಳೆಯುವ ಮುಂಚೆಯೇ ಬರೆದದ್ದು.
ಹೆಬ್ಬೆಟ್ಟಿಗೆ ನಮ್ಮ ದಂಧೆಯಲ್ಲಿ ಬೆಲೆಯಿಲ್ಲ.

ಮುದ್ರೆಯ ವಿಷಯ ನನಗೆ ಗೊತ್ತು.
ಇಪ್ಪತ್ತರ ಹರೆಯದಲ್ಲಿ, ಸ್ವಾನ್ಸಿಯ ದೊಡ್ಡ ಗ್ಯಾರೇಜಿನಲ್ಲಿ,
ಶುಕ್ರವಾರ ನಾಲ್ಕರ ಮೇಲೆ ಉಳಿದ ಕಾರುಗಳಿಗೆ
ನಾವು ಬಾನೆಟ್ಟನ್ನೂ ಎತ್ತುತ್ತಿರಲಿಲ್ಲ.
ಕಾಲ್ಚಾಪೆ ಕೊಡವಿ, ಗಾಜು ಒರೆಸಿ, ಟಕ್.
ಚೌಕದ ನಟ್ಟನಡುವೆ, ನೂಲು ಹಿಡಿದಷ್ಟು ನೇರ.
ಅದೊಂದರಲ್ಲಿ ನನ್ನ ಕೈ ಪಳಗಿತ್ತು.
ಆ ಕಾರುಗಳೆಲ್ಲ ಒಳ್ಳೇ ಬೆಲೆಗೇ ಹೋದವು.

ಇದನ್ನು ಅವಳಿಗೆ ಹೇಳಲಿಲ್ಲ.
ಮಾರುಕಟ್ಟೆ, ಕೊಳ್ಳುವವರು, ಕಾಗದ ಎಂದೇನೋ ಒದರಿದೆ.

ಅವಳು ಜಿರಾಫೆಯ ಕೊನೆಯ ಪುಟಕ್ಕೆ ಪೆನ್ಸಿಲು ಊರಿದಳು.
ಗ್ಯಾರೇಜಾದರೆ ವರ್ಷಕ್ಕೆ ಇನ್ನೂರ ಹತ್ತು,
ನನಗೆ ತಗುಲಿದ್ದು ಅರವತ್ತನಾಲ್ಕು,
ಮಿಕ್ಕಿದ್ದನ್ನು ಹನ್ನೊಂದರಿಂದ ಗುಣಿಸು,
ನಿನ್ನ ಆರುನೂರು ಕಳೆ.
"ಇನ್ನೂ ಸಾವಿರದ ಆರು ನನ್ನ ಕಡೆಗೇ ಇದೆ.
ಭಾನುವಾರಗಳನ್ನು ಹಿಡಿದಿಲ್ಲ.
ಅವನ್ನು ಖರ್ಚಿಗೆ ಬರೆಯಬೇಕೋ ಜಮೆಗೋ
ಇವತ್ತಿಗೂ ತಿಳಿದಿಲ್ಲ ನನಗೆ."

ಹಣ ಎಣಿಸಿಕೊಂಡಳು, ಎರಡು ಸಲ.
ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.
ಜಿರಾಫೆ ಮೇಜಿನ ಮೇಲೇ ಉಳಿಯಿತು.

ಅಳತೆಕಡ್ಡಿ ಎಳೆದು ನೋಡಿದೆ. ಜೇನಿನ ಬಣ್ಣ.
ಬೆರಳಿಗೆ ಸವರಿಕೊಂಡು
ಯಾಕೋ ತುಸು ಹೊತ್ತು ಒರೆಸಿಕೊಳ್ಳಲಿಲ್ಲ.

ಆ ಗ್ಯಾರೇಜು ಮುಚ್ಚಿದ ದಿನ ಜೇಬಿಗಿಳಿಸಿದ ಮುದ್ರೆ
ಈ ಮೇಜಿನ ಕೆಳಖಾನೆಯಲ್ಲಿದೆ.
ಹನ್ನೊಂದು ಸಲ ಒತ್ತಿದರೆ ಆರುನೂರು ಪೌಂಡು.
ಸುಳ್ಳಾದರೂ, ಈ ಒಂದು ಸಲ
ಅದು ನಿಜ ನುಡಿದಂತಾದೀತು.
ಖಾನೆ ಎಳೆದೆ. ಶಾಯಿಯ ಪ್ಯಾಡು ಒಣಗಿ ಬಿರಿದಿತ್ತು.
ಉಗುಳು ಹಚ್ಚಿದರೆ ಸಾಕು,
ಹಿಂದೆ ಹಚ್ಚಿದ್ದೂ ಉಂಟು.

ಗುರುವಾರದ ತನಕ ಮುದ್ರೆ, ಜಿರಾಫೆ
ಮೇಜಿನ ಮೇಲೆ ಅಕ್ಕಪಕ್ಕ ಕೂತಿದ್ದವು.
ನಾನು ಅವುಗಳ ನಡುವೆಯೇ ಚಹಾ ಕುಡಿದೆ.

ಸಂಜೆ ಕಾರ್ಮಾರ್ಥೆನ್‌ನಿಂದ ಯಾರೋ ಫೋನು ಮಾಡಿ,
ಬೆಳ್ಳಿ ಸ್ಕೋಡಾ ಇನ್ನೂ ಇದೆಯಾ, ಎಷ್ಟು ಓಡಿದೆ,
ಸರ್ವಿಸ್ ದಾಖಲೆ ಇದೆಯಾ ಎಂದು ಕೇಳಿದ.
"ಇದೆ," ಎಂದೆ. "ಸ್ವಲ್ಪ ಓದಬೇಕಾಗುತ್ತದೆ."

ಆ ಕಡೆ ತುಸು ಮೌನ. ಹಿಂದೆಲ್ಲೋ ಟೀವಿ.
ಆಮೇಲೆ, ನಾನೇ ಕಲಿಸಿದಂತೆ,
ನಾಲಗೆ ಲೊಚಗುಟ್ಟಿದ ಸದ್ದು.
"ಅಂದರೆ ಇಲ್ಲ," ಎಂದ.